ಒಂಬತ್ತಕ್ಕ ಚಾಳೀಸು

ಬಾಗಿಲ ತಗದ್ರ ಎದುರಿನವರ ಬಾಗಿಲ.
ನಡುವ ಒಂದು ಗಟಾರ, ಒಂದು ಕೊಡ, ಎರಡು ಜೋಡಿ ಚಪ್ಪಲಿ.
ಮುಂಬಯಿ ದೊಡ್ಡದಂತ. ಇರಬೇಕು.
ವಡಾಲಾದ ಈ ಗಲ್ಲಿಯೊಳಗ
ದೂರ ಅನ್ನೂದು ನಾ ಎಂದೂ ಇಟ್ಕೊಂಡಿದ್ದಿಲ್ಲ,
ಇಡಾಕ ಜಾಗಾನೂ ಇದ್ದಿಲ್ಲ.

ಸೂಜ್ಯಾಗ ದಾರ ಪೋಣಸಂದ್ರ
ಒಂದ ಸಲಕ್ಕ ಪೋಣಸಾಕಿ ನನ್ನ ಸುಗಲಾ.
ಸಾಸಿವಿಯಷ್ಟು ಹರಳು ಇಕ್ಕಳದಾಗ ಹಿಡದು
ಟಿಕಲಿ ನಡುವ ಕುಂದ್ರಸಾಕಿ.
ಒಂದು ಗ್ರೋಸಿಗೆ ಆರು ರೂಪಾಯಿ.
"ಗಿಡಗನ ಕಣ್ಣವ್ವಾ ನನ್ನ ಮಗಳವು"
ಅಂತ ನಳದ ಮುಂದ ನಿಂತು ಹೇಳಿದಾಕಿ ನಾನು,
ಇದ ಬಾಯಿಲೆ.

ಸಾಲ್ಯಾಗಿಂದ ಚೀಟಿ ಬಂತು.
ಹುದ್ದಾರ ಬಾಯೋರು ಅಂದ್ರು: ಎತ್ತರದ ಹುಡುಗಿ, ಹಿಂದಿನ ಬಾಕಿನಾಕಿ,
ಬಾಜೂಕಿನಾಕಿ ವಹಿ ನೋಡಿ ನಕಲ ಮಾಡ್ತಾಳ.
ಮನಿಗೆ ಕರಕೊಂಡು ಬಂದು ಎರಡು ಬಾರಿಸಿದೆ.
ಅತ್ಲು. ಅತ್ತು ಅಂದ್ಲು:
"ಹಲಗಿ ಮ್ಯಾಲ ಬಾಯೋರು ಏನೂ ಬರಿಯೂದಿಲ್ಲಬೇ,
ಬರೇ ಸುಣ್ಣ ಸವರ್ತಾರ."

ದವಾಖಾನ್ಯಾಗಿನ ಡಾಕ್ಟರು ಇನ್ನೂ ಹುಡುಗಿ,
ಮರಾಠಿಯೊಳಗ ಕೇಳಿದ್ಲು:
ಮನ್ಯಾಗ ಯಾರಿಗರೆ ಚಷ್ಮಾ ಐತೇನು? ತಾಯಿಗೆ? ತಂದಿಗೆ?
ನಮ್ಮ ಕಣ್ಣ ಯಾರು ನೋಡ್ಯಾರವ್ವಾ?
ಹುಟ್ಟಿದಾಗಿಂದ ಹಿಂಗ ಕಾಣತೈತಿ,
ಜಗತ್ತ ಹಿಂಗ ಐತಿ ಅಂತ ತಿಳಕೊಂಡೀವಿ.
ಬರಕೊಂಡ್ಲು. ಏನ ಬರಕೊಂಡ್ಲೋ.
ದಿನಾ ಎರಡು ತಾಸು ಬಯಲಾಗ ಆಡಸ್ರಿ,
ಬಿಸಿಲಿಗೆ ಬಿಡ್ರಿ, ದೂರದ್ದು ನೋಡಸ್ರಿ.

ಬಯಲು!
ನಮ್ಮ ಗಲ್ಲಿಗೆ ಬಿಸಿಲು ಹನ್ನೆರಡೂವರಿಗೆ ಬರತೈತಿ,
ತಾಡಪತ್ರಿ ಹರಕಿನಾಗಿಂದ ಇಳದು
ನೀಲವ್ವನ ಹಪ್ಪಳದ ಮ್ಯಾಲ ಅರ್ಧ ತಾಸು ಕುಂತು
ಎದ್ದು ಹೋಗತೈತಿ.
ಆವಾಗ ಇಕಿ ಸಾಲ್ಯಾಗ.

ಮೈನಸ್ ಮೂರೂವರಿ.
ಫ್ರೇಮು ಒಂದು ಅಳತಿ ದೊಡ್ಡದ ತಗೊಂಡೆ,
ಯುನಿಫಾರ್ಮಿನಂಗ, ಎರಡು ವರ್ಷ ಬರಲಿ ಅಂತ.
ಮೂಗಿನಿಂದ ಜಾರತೈತಿ. ಹಿಂದ ಲಾಡಿ ಕಟ್ಟೇನಿ.
ನೀಲವ್ವ ನಕ್ಲು: "ಒಂಬತ್ತಕ್ಕ ಚಾಳೀಸೇನವಾ?"
ನಗಲಿ.
ರಾತ್ರಿ ನಿದ್ದಿ ಹತ್ತಲಿಲ್ಲ.
ಯಾ ಗ್ರೋಸಿನಾಗ ಹೋಯ್ತು ಇಕಿ ಕಣ್ಣು?
ಆರು ರೂಪಾಯಿಯೊಳಗ ಯಾ ರೂಪಾಯಿ?
ಡಾಕ್ಟರು ಹೇಳಲಿಲ್ಲ.
ನಾ ಕೇಳಲೂ ಇಲ್ಲ.

ಮರುದಿನ ರಾತ್ರಿ ಚಷ್ಮಾ ಹಾಕ್ಕೊಂಡು
ಅಟ್ಟದ ಏಣಿ ಮ್ಯಾಲ ಕುಂತಿದ್ಲು.
ಅಲ್ಲಿಂದ ಗಲ್ಲಿ ಉದ್ದಕ ಕಾಣತೈತಿ, ತುದಿಯ ನಳದ ಕಟ್ಟಿ ತನಕ.
ಅವರಪ್ಪ ದಾರೂಖಾನಾದಿಂದ,
ಕಬ್ಬಿಣ ಕಡಿಯೂ ಗೋದಾಮಿನಿಂದ, ಬರೂ ಹೊತ್ತು.
ಇಷ್ಟು ದಿನ ಅಪ್ಪ ಅಂದ್ರ ಇಕಿಗೆ
ಮೊದಲ ಕೆಮ್ಮು, ಆಮ್ಯಾಲ ಜಂಗಿನ ವಾಸನಿ,
ಮೊಳದಷ್ಟು ಹತ್ರ ಬಂದಮ್ಯಾಲ ನಗಿಮುಖ.

"ಅಪ್ಪ ಯಾಕ ಅಲ್ಲೇ ಕುಂತಾನಬೇ?"
ನಾನೂ ಏಣಿ ಹತ್ತಿ ಹಣಿಕಿ ಹಾಕಿದೆ.
ನನಗ ಕಂಡಿದ್ದು ಹಳದಿ ಬೆಳಕು,
ಕಲಸಿದ ಹಿಟ್ಟಿನಂಗ.
"ರೊಕ್ಕ ಎಣಸಾಕತ್ತಾನ... ಮತ್ತ ಎಣಸಾಕತ್ತಾನ.
ಬಲಗೈ ಮ್ಯಾಲ ಏಳವಲ್ದು,
ಎಡಗೈಲೆ ಎತ್ತಿ ಹಿಡದಾನ.
ಈಗ ಮುಖ ತೊಳಕೊಂಡ.
ಈಗ ನಗಾಕತ್ತಾನಬೇ."
"ಯಾರ ಜೋಡಿ?" ಅಂದೆ.
"ಯಾರೂ ಇಲ್ಲ."

ಕೆಮ್ಮು ಕೇಳಿತು.
ಸುಗಲಾ ಲಾಡಿ ಬಿಚ್ಚಿ
ಚಷ್ಮಾ ನನ್ನ ಕೈಯಾಗ ಇಟ್ಟು ಇಳದು ಓಡಿದ್ಲು,
ಮೊಳದಷ್ಟು ಹತ್ರ ಹೋದಮ್ಯಾಲ
"ಅಪ್ಪಾ" ಅಂದ್ಲು.

ಕಡ್ಡಿ ಇನ್ನೂ ಬೆಚ್ಚಗಿತ್ತು.