ಅದಲುಬದಲಿನ ವಾರ

ಗೋಡೆಯ ಈಚೆ ಹದಿನಾಲ್ಕು ಹೊಲಿಗೆ ಯಂತ್ರ,
ಆಚೆ ಒಂದೇ ಒಂದು ದೊಡ್ಡ ಗರಗಸ.
ನಡುವೆ ಒಂದು ಬಾಗಿಲು, ಅದಕ್ಕೆ ಬೀಗ.
ಬೀಗದ ಕೈ ಯಾರ ಬಳಿಯಿತ್ತೋ, ಕೇಳಿದವರಿಲ್ಲ.

ಥಂಡರ್ ಬೇ, ಎಪ್ಪತ್ನಾಲ್ಕರ ಫೆಬ್ರವರಿ.
ಸರೋವರ ಕಲ್ಲಾಗಿ ಎರಡು ತಿಂಗಳು,
ಗೋಧಿ ಕಣಜಗಳ ನೆತ್ತಿಯ ಮೇಲೆ
ಹೊಗೆಯೂ ಹೆಪ್ಪುಗಟ್ಟಿ ನಿಂತಿತ್ತು.
ಹೆಡ್‌ಮಾಸ್ತರರಿಗೆ ಏನನ್ನಿಸಿತೋ, ಚೀಟಿ ಬಂತು:
ಈ ಒಂದು ವಾರ ಹುಡುಗಿಯರು ಮರಗೆಲಸಕ್ಕೆ,
ಹುಡುಗರು ಹೊಲಿಗೆಗೆ.
ಕಾರಿಡಾರಿನ ತುಂಬ ನಗೆ.

ರೌಟಿಯೋ ಮೇಷ್ಟ್ರಿಗೆ ಎಡಗೈಯಲ್ಲಿ ನಾಲ್ಕೂವರೆ ಬೆರಳು.
ಆ ಅರ್ಧವನ್ನೇ ಎತ್ತಿ ತೋರಿಸಿ
"ಇದು ಮೊದಲ ಪಾಠ" ಅಂದರು.
ಎರಡನೆಯದು ಯಾವುದೆಂದು ಹೇಳಲೇ ಇಲ್ಲ.

ನನ್ನ ಪಾಲಿಗೆ ಒಂದು ಸ್ಟೂಲು. ನಾಲ್ಕು ಕಾಲು, ಒಂದು ಹಲಗೆ.
ಅಳೆದೂ ಸುರಿದೂ ಕೊಯ್ದೆ; ಒಂದು ಕಾಲು ಕುಂಟಿತು.
ಅದರ ಅಳತೆಗೆ ಉಳಿದ ಮೂರನ್ನೂ ಇಳಿಸಿದೆ,
ಈಗ ಇನ್ನೊಂದು ಕುಂಟಿತು.
ಮಂಗಳವಾರ ಮೊಣಕಾಲೆತ್ತರ ಇದ್ದದ್ದು
ಗುರುವಾರಕ್ಕೆ ಗೇಣುದ್ದ.
ಸುತ್ತ ಬಿದ್ದ ಮರದ ಬಿಲ್ಲೆಗಳನ್ನು
ಕಾಲಲ್ಲಿ ಬೆಂಚಿನಡಿ ತಳ್ಳುತ್ತಿದ್ದೆ.
ಮೇಷ್ಟ್ರು ಬಂದರು. ಅಷ್ಟೆತ್ತರದ ಮನುಷ್ಯ
ಮಂಡಿ ಗದ್ದಕ್ಕೆ ತಾಗುವಂತೆ ಅದರ ಮೇಲೆ ಕೂತು
ಬೂಟಿನ ದಾರ ಬಿಚ್ಚಿದರು, ನಿಧಾನ ಮತ್ತೆ ಕಟ್ಟಿದರು.
"ಇದು ಇದಕ್ಕೇ" ಅಂದರು. "ಇನ್ನು ನಿಲ್ಲಿಸು."

ಆ ವಾರ ಬಾಗಿಲು ತೆರೆದೇ ಇತ್ತು.
ಆಚೆ ಪೆಟ್ರಿಶಿನ್ ಟೀಚರು ತಲೆಗೆ ಕೈಹೊತ್ತು,
ಒಬ್ಬ ತನ್ನ ತೋಳನ್ನೇ ಬಟ್ಟೆಗೆ ಸೇರಿಸಿ ಹೊಲಿದು
ಹೊರಬರಲಾರದೆ ಕೂಗುತ್ತ.
ಕಿಟಕಿಯ ಪಕ್ಕ ಆರ್ವೋ ಕಿವೆಲಾ,
ನಮ್ಮ ಹಾಕಿ ತಂಡದ ಗೋಲ್‌ಕೀಪರು,
ಹಿಮ ಎತ್ತುವ ಸಲಿಕೆಯಂಥ ಕೈ.
ದಾರದ ತುದಿ ನೆಕ್ಕಿದ. ಒಂದೇ ಸಲಕ್ಕೆ ಪೋಣಿಸಿದ.
ಬೆರಳಿಗೆ ಸುತ್ತಿ, ಹೆಬ್ಬೆರಳಲ್ಲಿ ಹೊಸೆದು,
ಒಂಟಿ ಕೈಯಲ್ಲಿ ಗಂಟು.
ಹರಿದ ಅಂಚು ಒಳಗೆ ಮಡಚಿ
ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಹೊಲಿಗೆ.

ನಗೆ ಯಾವಾಗ ನಿಂತಿತೋ.
"ಯಾರು ಕಲಿಸಿದರು ನಿನಗೆ?" ಟೀಚರು ಕೇಳಿದರು.
ಅವನು ತಲೆ ಎತ್ತಲಿಲ್ಲ.
"ಮೂವರು ತಮ್ಮಂದಿರು."

ಅವನ ಅಮ್ಮ ತೀರಿಕೊಂಡದ್ದು ನಮಗೆಲ್ಲ ಗೊತ್ತಿತ್ತು.
ಸಮಾಧಿಗೆ ಇಡೀ ತರಗತಿ ಹೋಗಿತ್ತು, ಸಾಲಾಗಿ.
ಆ ನಾಲ್ಕು ಅಂಗಿಗಳ ಗುಂಡಿ ಆಮೇಲೆ ಯಾರು ಹಚ್ಚಿದರೆಂದು
ಒಬ್ಬರೂ ಯೋಚಿಸಿರಲಿಲ್ಲ; ನಾವು,
ಗುಂಡಿ ಹಚ್ಚುವುದಕ್ಕೇ ಅಂಕ ಪಡೆಯುತ್ತಿದ್ದವರು.

ಸೋಮವಾರ ಬೀಗ ಮತ್ತೆ ಬಿತ್ತು.
ನನ್ನ ಸ್ಟೂಲಿಗೆ ಸಿ ಸಿಕ್ಕಿತು.
ಅವನಿಗೆ ಸಿಕ್ಕಿದ್ದೇನೋ ತಿಳಿಯದು,
ಹುಡುಗರ ಅಂಕಪಟ್ಟಿಯಲ್ಲಿ ಹೊಲಿಗೆಗೆ ಕಾಲಮ್ಮೇ ಇರಲಿಲ್ಲ.

ಸ್ಟೂಲು ಈಗಲೂ ಬಾಗಿಲ ಬಳಿ ಇದೆ.
ಮೊಮ್ಮಕ್ಕಳು ಸ್ಕೇಟಿನ ದಾರ ಕಟ್ಟಲು ಕೂರುತ್ತಾರೆ,
ಇಷ್ಟು ಗಿಡ್ಡ ಯಾಕೆ ಎಂದು ಕೇಳುತ್ತಾರೆ.

ಹೇಳಬೇಕಾದ್ದು ಇನ್ನೊಂದಿದೆ.
ಆ ವಸಂತವೆಲ್ಲ, ಜಿಪ್ಪಿನ ಮೇಲೆ ತಲೆ ಬಗ್ಗಿಸಿ,
ಗೋಡೆಯಾಚೆಯ ಸದ್ದು ಕೇಳುತ್ತಿದ್ದೆ.
ಇದು ಪೈನ್, ಇದು ಬರ್ಚ್,
ಇವನ್ಯಾರೋ ಅವಸರದವನು, ಹಲಗೆ ನೂಕುತ್ತಿದ್ದಾನೆ,
ಮೆಲ್ಲಗೆ, ಮಾರಾಯ, ಮೆಲ್ಲಗೆ.
ಈಚೆ ಯಾರದಾದರೂ ದಾರ ತುಂಡಾಗಿ
ಯಂತ್ರ ಬರಿದೇ ಗಡಗಡಿಸಿದಾಗ
ಆಚೆ ಒಬ್ಬನಿಗಾದರೂ ಅದು ತಿಳಿದಿರಬೇಕು.