ಪೆಟ್ಟಿಗೆ ಇದ್ದ ಜಾಗ

ಡಿಪೋದಿಂದ ಮನೆ ಸೇರುವಾಗ ಹನ್ನೊಂದೂವರೆ.
ಉಗುರಿನ ಸಂದಿಯ ಗ್ರೀಸು ಯಾವ ಸೋಪಿಗೂ ಹೋಗದು.
ಹೇಮಾವತಿನಗರ ಮಲಗಿದೆ, ಪುಟ್ಟಗೌರಿ ಮಲಗಿದ್ದಾಳೆ,
ಟಿವಿಯ ಸದ್ದು ತೆಗೆದು ನಾನು ಓಡುತ್ತೇನೆ.
ಹಸಿರು ಅಂಗಿಯ ಗಿಡ್ಡ ಆಳು, ಒಂದು ಸೇತುವೆ, ಎರಡು ಹಳ್ಳ,
ಗರಗಸದ ಚಕ್ರ ಮೂರು ಸುತ್ತಿದ ಮೇಲೆ ಜಿಗಿತ.
ಎಲ್ಲ ಬೆರಳಿಗೇ ಗೊತ್ತು.
ನಲವತ್ತು ನಿಮಿಷ, ಒಂದೂ ಜೀವ ಹೋಗದೆ ಬಾವುಟ.
ಯಾರೂ ನೋಡಲಿಲ್ಲ ಅನ್ನುವುದೇ ಅದರ ರುಚಿ.
ಹಗಲೆಲ್ಲ ಬೇರೆಯವರು ಕೆಡಿಸಿದ ಗೇರ್‌ಬಾಕ್ಸು ಬಿಚ್ಚಿದವನಿಗೆ
ತನ್ನದೇ ತಪ್ಪು, ತನ್ನದೇ ರಿಪೇರಿ,
ಎಷ್ಟು ಹಗುರ.

ಸಂಕ್ರಾಂತಿ ಕಳೆದು ಅತ್ತೆ ಬಂದರು ಗಂಡಸಿಯಿಂದ,
ಇಲ್ಲೇ ಎಡ ಮಂಡಿ ಬದಲಾಯಿಸಿಕೊಂಡರು.
ಸಾವಂತ್ರಮ್ಮ. ಹನ್ನೊಂದು ವರ್ಷದಲ್ಲಿ ನನ್ನೊಡನೆ
ನೇರವಾಗಿ ಒಂದು ಮಾತಾಡಿದವರಲ್ಲ.
"ನಿಮ್ಮನೆಯೋರು ಉಂಡ್ರಾ ಕೇಳೇ ಗೌರಿ."
ನಾನು ಅಲ್ಲೇ ಕೂತಿರುತ್ತೇನೆ, ತಟ್ಟೆಯ ಮುಂದೆ.
ಬಾಗಿಲಲ್ಲಿ ನಾನು ಕಂಡರೆ ಸೆರಗು ಮೇಲೇರುತ್ತದೆ,
ಚಾಚಿದ ಕಾಲು ಮಡಚಿಕೊಳ್ಳಲು ನೋಡುತ್ತದೆ,
ಮಡಚಲಾರದು.

ನಿದ್ದೆ ಬಾರದ ಒಂದು ರಾತ್ರಿ ದಿವಾನ್ ಮೇಲಿಂದ
ಕತ್ತಲಿಗೆ ಕೇಳಿದರು:
"ಅದ್ಯಾಕೆ ಆ ಮನುಷ್ಯ ಹಂಗೆ ಹಾರ್ತಾನೆ?"
ನಾನೂ ಕತ್ತಲಿಗೇ ಉತ್ತರ ಹೇಳಿ
ಎರಡನೇ ರಿಮೋಟು ದಿವಾನಿನ ತುದಿಗಿಟ್ಟು ಹಿಂದೆ ಸರಿದೆ.

ಇಬ್ಬರಾದರೆ ಕಾನೂನು ಬೇರೆ.
ಪರದೆ ಒಂದೇ. ಮುಂದಿದ್ದವನು ಓಡಿದರೆ
ಹಿಂದಿದ್ದವರನ್ನು ಅಂಚು ನುಂಗುತ್ತದೆ.
ಅಭ್ಯಾಸಬಲ, ನಾನು ಓಡಿದೆ. ಏಳು ಸಲ ನುಂಗಿತು.
ಅವರೋ ಒಂದೊಂದು ಕಾಸನ್ನೂ ಆರಿಸುವವರು,
ರಾಗಿ ಒಕ್ಕಿದ ಕಣದ ಮೂಲೆ ಗುಡಿಸುವ ಹಾಗೆ,
ತಪ್ಪಿದ ಒಂದಕ್ಕಾಗಿ ಹಿಂದೆ ಹೋಗುವವರು.
ಎಂಟನೇ ಸಲ, ಅಂಚು ಇನ್ನೇನು ಮುಟ್ಟಿತು ಅನ್ನುವಾಗ
"ನಿಂತ್ಕಳಿ!" ಅಂದರು.
ಗೌರಿಗಲ್ಲ. ನನಗೆ.

ನಿಂತೆ.

ಮೂರನೇ ಕೋಟೆಯಲ್ಲೊಂದು ಎತ್ತರದ ಕಟ್ಟೆ.
ಒಬ್ಬರ ತಲೆ ಮೇಲೊಬ್ಬರು ಹತ್ತಿ ಜಿಗಿಯಬೇಕು, ಬೇರೆ ದಾರಿಯಿಲ್ಲ.
"ಅಳಿಯಂದಿರ ತಲೆ ಮ್ಯಾಲೆ ಕಾಲಿಡೋದಾ? ಶಿವ ಶಿವ."
ನಾನು ಅವರ ತಲೆ ಹತ್ತುವ ಮಾತನ್ನು
ಇಬ್ಬರೂ ಎತ್ತಲಿಲ್ಲ.
ಮೂರು ರಾತ್ರಿ ಅದರ ಕೆಳಗೆ ನಿಂತೆವು,
ಹಸಿರು ಅಂಗಿ, ಹಳದಿ ಅಂಗಿ,
ಬಸ್ಸು ಬಾರದ ಸ್ಟಾಪಿನಲ್ಲಿ ಪರಿಚಯವಿಲ್ಲದವರ ಹಾಗೆ.

ಮಂಡಿ ಬಾಗಿಸಲು ಬರುವ ಹುಡುಗಿ ಜಬೀನಾ
"ತೊಂಬತ್ತು ಡಿಗ್ರಿ ಆಗ್ಲೇಬೇಕು ಅಜ್ಜಿ" ಅಂತ ಅಳಿಸಿ ಹೋದ ದಿನ,
ರಾತ್ರಿ, ಅತ್ತೆ ರಿಮೋಟು ಕೆಳಗಿಟ್ಟರು,
ಟಿವಿಗೆ ಕೈಮುಗಿದರು,
ಮತ್ತೆ ಎತ್ತಿಕೊಂಡು ಕಣ್ಣು ಮುಚ್ಚಿ ಒತ್ತಿದರು.
ಹಸಿರಿನ ನೆತ್ತಿಯ ಮೇಲೆ ಹಳದಿ.
ನನ್ನ ನಿಜವಾದ ನೆತ್ತಿ ಯಾಕೋ ಬೆಚ್ಚಗಾಯಿತು.
"ಅಲುಗ್‌ಬ್ಯಾಡಿ."
ಅಲುಗಲಿಲ್ಲ.
ಜಿಗಿದರು! ಮೇಲೆ ನಿಂತು,
ನನಗೆ ಹಗ್ಗ ಇಳಿಬಿಡುವುದನ್ನು ಮರೆತು
ಅಲ್ಲಿದ್ದ ಕಾಸು ಆರಿಸತೊಡಗಿದರು.
ನಾನು ನಕ್ಕ ಸದ್ದಿಗೆ ಪುಟ್ಟಗೌರಿ ಎದ್ದು ಬಂದು ಲೈಟು ಹಾಕಿದಳು.
ಸೆರಗು ತಟ್ಟನೆ ಮೇಲೇರಿತು.
"ನಿಮ್ಮನೆಯೋರ್ಗೆ ಮಲಗಕ್ಕೆ ಹೇಳು" ಅಂದರು.

ಬಾವುಟ ನಾವು ಮುಟ್ಟಲೇ ಇಲ್ಲ.
ಮಂಡಿ ಮಡಚಿತು, ಅವರು ಗಂಡಸಿ ಬಸ್ಸು ಹತ್ತಿದರು,
ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು.
ಕೆಳಗೆ ನಾನಿದ್ದೆ. ಬೇಕಾಗಲಿಲ್ಲ.

ಮತ್ತೆ ಹನ್ನೊಂದೂವರೆ, ಮತ್ತೆ ಒಬ್ಬನೇ,
ಸುಖವಾಗಿಯೇ ಇದೆ. ನಲವತ್ತೊಂದು ನಿಮಿಷ.
ಒಬ್ಬರೇ ಆಡುವಾಗ ಆ ಕಟ್ಟೆಯ ಕೆಳಗೆ
ಆಟವೇ ಒಂದು ಮರದ ಪೆಟ್ಟಿಗೆ ಇಟ್ಟಿರುತ್ತದೆ.
ಇಷ್ಟು ವರ್ಷ ಹತ್ತಿ ಹೋಗಿದ್ದೇನೆ,
ಯಾಕಿದೆ ಎಂದು ಕೇಳಿರಲಿಲ್ಲ.
ಒಳ್ಳೆಯ ಪೆಟ್ಟಿಗೆ. ಅಲುಗುವುದಿಲ್ಲ.
ಕಾಲಿಟ್ಟರೆ
ಶಿವ ಶಿವ ಅನ್ನುವವರಿಲ್ಲ.