ಕಳೆಯುವ ಲೆಕ್ಕ

ಮೊಡೆಸ್ಟೋ, ಸೆಪ್ಟೆಂಬರ್, ಸಂಜೆ ಆರೂವರೆ.
ಶಾಲೆಯ ಊಟದ ಹಾಲ್‌ನಲ್ಲಿ ಇನ್ನೂ
ಮಧ್ಯಾಹ್ನ ಚೆಲ್ಲಿದ ಹಾಲಿನ ವಾಸನೆ.
ಅರವತ್ತು ಕುರ್ಚಿ ಹಾಕಿದ್ದೇನೆ, ಕಾಫಿಯ ಫ್ಲಾಸ್ಕು ಎರಡು,
ಹೊಸ ಮಾನದಂಡದ ಹಾಳೆ, ಮೂರು ಭಾಷೆಯಲ್ಲಿ;
ಮೂರರಲ್ಲೂ ತಿಳಿಯದ ಹಾಗೆ ಬರೆದವರ ಕೈಗೆ ಶರಣು.

‘ಎರಡನೇ ತರಗತಿ, ಕಲಂ ಐದು, ಉಪಕಲಂ ಬಿ:
ಸ್ಥಾನಬೆಲೆಯ ಗ್ರಹಿಕೆಯನ್ನು ಆಧರಿಸಿದ ತಂತ್ರಗಳನ್ನು
ನಿರರ್ಗಳವಾಗಿ ಬಳಸಿ…’
ಓದುತ್ತ ಓದುತ್ತ ನನಗೇ ಆಕಳಿಕೆ ಬಂತು.
ಮೂಲೆಯಿಂದ ಪ್ರಿನ್ಸಿಪಾಲ್ ಹಾಲ್ವರ್ಸನ್
ಕಣ್ಣು ಬಿಟ್ಟರು.

ಮಾನದಂಡ: ಅಳೆಯುವ ಕೋಲು.
ಮಾನ ಮುರಿದು ಬಿದ್ದರೆ ಉಳಿಯುವುದು ಬರೀ ದಂಡ.
ಇದನ್ನಿಲ್ಲಿ ಯಾರಿಗೆ ಹೇಳಲಿ?
ಹಾಳೆ ಮಡಿಚಿಟ್ಟು ಬೋರ್ಡಿನ ಮೇಲೆ ಬರೆದೆ:
ಐವತ್ತೆರಡರಲ್ಲಿ ಮೂವತ್ತೇಳು ಕಳೆ.

ಗುರ್ನಾಮ್ ಸಿಂಗ್ ಎದ್ದರು. ಟೊಮೆಟೊ ತುಂಬಿದ ಲಾರಿಯನ್ನು
ಕ್ಯಾನರಿಯ ಗೇಟಿನ ಸಾಲಲ್ಲಿ ತಮ್ಮನಿಗೆ ಒಪ್ಪಿಸಿ ಬಂದವರು.
‘ಎರಡರಲ್ಲಿ ಏಳು ಹೋಗದು. ಪಕ್ಕದಿಂದ ಒಂದು ಕಡ ತಗೋ.
ಹನ್ನೆರಡರಲ್ಲಿ ಏಳು ಹೋದರೆ ಐದು,
ನಾಲ್ಕರಲ್ಲಿ ಮೂರು ಹೋದರೆ ಒಂದು.
ಹದಿನೈದು. ಆಯಿತಲ್ಲ, ಟೀಚರ್?
ನನ್ನ ಮಗಳೇಕೆ ಉದ್ದ ಗೆರೆ ಎಳೆದು
ಅದರ ಮೇಲೆ ಕಪ್ಪೆ ಕುಪ್ಪಳಿಸುತ್ತಾಳೆ?’

ಎಲ್ಲರೂ ನಕ್ಕರು. ನಾನೂ.
ನನ್ನ ಲೆಕ್ಕವೂ ಅದೇ, ಗುರ್ನಾಮ್ ಅವರೇ.
ಹಾಸನದ ಮುನಿಸಿಪಲ್ ಶಾಲೆಯಲ್ಲಿ
ಗೆಣ್ಣಿನ ಮೇಲೆ ಡಸ್ಟರಿನ ಏಟು ತಿಂದು ಕಲಿತದ್ದು.
ನಲವತ್ತು ವರ್ಷದಿಂದ ಪಕ್ಕದ ಮನೆಯಲ್ಲಿ ಕಡ ತರುತ್ತಿದ್ದೇನೆ,
ಒಮ್ಮೆಯೂ ಹಿಂದಿರುಗಿಸಿಲ್ಲ.
ಕಡ ಎಂದ ಮೇಲೆ ತೀರಿಸಬೇಡವೇ ಎಂದು
ಆಗ ನಾವು ಕೇಳಲಿಲ್ಲ. ಹೋದ ಮಂಗಳವಾರ
ನಿಮ್ಮ ಮಗಳು ಕೇಳಿದಳು.

ನಾನಿದನ್ನು ಹೇಳಿದೆನೋ, ಹೇಳಬೇಕೆಂದುಕೊಂಡೆನೋ!
ನೆನಪಿರುವುದು ಹಿಂದಿನ ಸಾಲಿನ ಎಯುಸ್ತೋಲಿಯಾ,
ಏಪ್ರನ್ ಬಿಚ್ಚದೆ ಬಂದವಳು,
ಒಂಬತ್ತನೇ ಬೀದಿಯಲ್ಲಿ ತಮಾಲೆ ಮಾರುವವಳು,
ಏನೋ ಅಂದಳು, ತೀರ ಮೆಲ್ಲಗೆ.
ಮಗಳು ಇತ್ಸೆಲ್ ನಾಚಿಕೊಂಡೇ ಅದನ್ನು
ಇಂಗ್ಲಿಷಿಗೆ ತಂದಳು:
‘ಅಮ್ಮ ಶಾಲೆಗೆ ಹೋದದ್ದು ಎರಡೇ ವರ್ಷವಂತೆ.
ಕಳೆಯೋದು ಬರೋದಿಲ್ಲವಂತೆ.’

ಹದಿಮೂರು ಡಾಲರಿನ ತಮಾಲೆಗೆ
ಇಪ್ಪತ್ತರ ನೋಟು ಕೊಟ್ಟರೆ ಏನು ಮಾಡುತ್ತೀಯಮ್ಮಾ?

ಅವಳು ಎದ್ದು ಬಂದಳು. ನನ್ನ ಅಂಗೈ ಬಿಡಿಸಿ
ಇಲ್ಲದ ಹಣ ಎಣಿಸಿ ಇಟ್ಟಳು:
ಹದಿಮೂರು… ಹದಿನಾಲ್ಕು, ಹದಿನೈದು, ಒಂದೊಂದರ ನೋಟು;
ಆಮೇಲೆ ಐದರದೊಂದು, ಇಪ್ಪತ್ತು.
ಬೆರಳು ಮಡಿಚಿ ಮುಷ್ಟಿ ಮಾಡಿ
ತಟ್ಟಿ ಕೊಟ್ಟಳು.

ಇದೇ ಗೆರೆ, ಅಂದೆ. ಇದೇ ಕಪ್ಪೆ.
ಮೂವತ್ತೇಳರಿಂದ ನಲವತ್ತಕ್ಕೆ ಮೂರು,
ಅಲ್ಲಿಂದ ಐವತ್ತಕ್ಕೆ ಹತ್ತು, ಮೇಲೆ ಎರಡು.
ಕಲಂ ಐದು, ಉಪಕಲಂ ಬಿ
ಏಪ್ರನ್ ಕಟ್ಟಿಕೊಂಡು ನಿಂತಿದೆ, ನೋಡಿ.

ಕಳೆ ಅಂದರೆ ತೆಗೆದುಹಾಕು, ಕಳೆ ಅಂದರೆ ಪೈರಿನ ನಡುವಿನ ಹುಲ್ಲು,
ಕಳೆ ಅಂದರೆ ಮುಖದಲ್ಲೊಂದು ಬೆಳಕು.
ಇತ್ಸೆಲ್ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

‘ಆದರೂ ನನ್ನದೇ ಬೇಗ,’ ಅಂದರು ಗುರ್ನಾಮ್
ಕಾಫಿ ಬಗ್ಗಿಸಿಕೊಳ್ಳುತ್ತ. ಬೇಗವೇ, ಸುಳ್ಳಲ್ಲ.
ಅಂಕಪಟ್ಟಿ ಕೂಡುವಾಗ, ಯಾರೂ ನೋಡದಾಗ,
ನಾನು ಮಾಡುವುದೂ ಅದನ್ನೇ.

ಎಂಟಕ್ಕೆ ದೀಪ ಆರಿಸುವ ಮುಂಚೆ ಕುರ್ಚಿ ಮಡಿಚಿದೆ.
ಬಂದವರು ಇಪ್ಪತ್ತಮೂರು ಮಂದಿ.
ಇಪ್ಪತ್ತಮೂರರಿಂದ ಮೂವತ್ತಕ್ಕೆ ಏಳು:
ಕ್ಯಾನರಿಯ ರಾತ್ರಿಪಾಳಿಯಲ್ಲಿರುವ ರಾಮ್ಸಿನ್‌ನ ಅಪ್ಪ,
ಬಾದಾಮಿ ತೋಟದಲ್ಲಿ ಯಂತ್ರ ಓಡಿಸುವ ಇಬ್ಬರು ಅಣ್ಣತಮ್ಮಂದಿರು,
ಹಡೆದು ಹತ್ತು ದಿನವಾದ ಒಬ್ಬಳು…
ಮೂವತ್ತರಿಂದ ಅರವತ್ತಕ್ಕೆ
ನನಗೆ ಹೆಸರೂ ಗೊತ್ತಿಲ್ಲದವರು.
ಉಳಿದ ಹಾಳೆಗಳನ್ನು ಚೀಲಕ್ಕೆ ತುಂಬಿ,
ಕಾರಿನ ಬೆಳಕಲ್ಲಿ ವಿಳಾಸದ ಪಟ್ಟಿ ಹಿಡಿದು
ಮೂವತ್ತೊಂದರಿಂದ ಶುರುಮಾಡಿದೆ.